ಊಟ ಕಳೆದ ಮೇಲೆ ಮಲಗುವ ಕಂಪ್ಯೂಟರ್: ಒತ್ತಿಟ್ಟ ಮೆಮೊರಿಯ ನಿಧಾನವನ್ನು ಅಳೆಯುವುದು ಹೇಗೆ?

ಕಾಸರಗೋಡಿನ ಪೆರ್ಲದಲ್ಲಿ ನನ್ನ ಭಾವನ ಒಂದು ಸಣ್ಣ ಅಂಗಡಿ ಉಂಟು. ಜೆರಾಕ್ಸ್, ಸ್ಕ್ಯಾನ್, ಆನ್‌ಲೈನ್ ಅರ್ಜಿ. ಮಲಯಾಳದಲ್ಲಿ ಬರುವ ಫಾರ್ಮ್‌ಗಳನ್ನು ಕನ್ನಡದಲ್ಲಿ ವಿವರಿಸಿ ತುಂಬಿಸಿ ಕೊಡುವುದೇ ಅವನಿಗೆ ದಿನವಿಡೀ ಕೆಲಸ. ಕಂಪ್ಯೂಟರ್ ಹಳೆಯದು. 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್, ಉಬುಂಟು ಅನ್ನುವ ಲಿನಕ್ಸ್. ಅದಕ್ಕೆ ನಾನೇ, ಮೆಮೊರಿಯಲ್ಲಿದ್ದದ್ದನ್ನು ಒತ್ತಿ (ಕಂಪ್ರೆಸ್ ಮಾಡಿ) ಇಡುವ ಝಡ್‌ರ‍್ಯಾಮ್ ಹಾಕಿ ಕೊಟ್ಟಿದ್ದೆ. ಎರಡು ತಿಂಗಳು ಕಳೆದು ಫೋನ್ ಬಂತು.

"ಎಂತ ಭಾವ, ನೀನು ಹಾಕಿದ್ದು ಉಪಕಾರವಾ ಉಪದ್ರವಾ? ಬೆಳಿಗ್ಗೆ ಚಂದ ಓಡ್ತದೆ. ಊಟ ಕಳೆದ ಮೇಲೆ ಎಮ್ಮೆಯ ಹಾಗೆ ಮಲಗ್ತದೆ."

ತೆಗೆದುಬಿಡು ಅಂತ ಹೇಳುವುದು ಸುಲಭ. ಆದರೆ ಮಲಗಿದ್ದು ಯಾಕೆ ಅಂತ ಗೊತ್ತಾಗಬೇಕಲ್ವಾ? ಮೆಮೊರಿಯನ್ನು ಒತ್ತುವ ಕೆಲಸಕ್ಕೇ ಸಮಯ ಹೋಗ್ತಾ ಇದೆಯಾ, ಅಥವಾ ಬೇರೆ ಯಾವುದೋ ಕಾರಣಕ್ಕೆ ಇದು ಬೈಗುಳ ತಿನ್ನುತ್ತಿದೆಯಾ? ಅದನ್ನು ಅಳೆದು ನೋಡಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಹತ್ತಿರ ಲಿನಕ್ಸ್ ಇದ್ದು, ಟರ್ಮಿನಲ್ ತೆರೆಯಲು ಹೆದರಿಕೆ ಇಲ್ಲ ಅಂದರೆ ಸಾಕು. ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಿರಿ.

ಜಗಲಿ, ಅಟ್ಟ, ಪೇಟೆಯ ಗೋದಾಮು

ಅಡಿಕೆ ಮನೆಯ ಲೆಕ್ಕದಲ್ಲಿ ಹೇಳ್ತೇನೆ. ರ‍್ಯಾಮ್ ಅಂದರೆ ಜಗಲಿ. ಕೈಗೆ ಸಿಗುವ ಜಾಗ, ಆದರೆ ಸಣ್ಣದು. ಹಾರ್ಡ್ ಡಿಸ್ಕಿನ ಸ್ವಾಪ್, ಅಂದರೆ ಜಗಲಿಯಲ್ಲಿ ಹಿಡಿಸದ್ದನ್ನು ಇಡುವ ಜಾಗ, ಪೇಟೆಯ ಗೋದಾಮು. ಜಾಗ ಬೇಕಾದಷ್ಟಿದೆ, ಹೋಗಿ ಬರಲು ಅರ್ಧ ದಿನ ಬೇಕು. ಇವೆರಡರ ನಡುವೆ ಅಟ್ಟ. ಜಗಲಿಯಲ್ಲಿ ಹರಡಿಕೊಂಡದ್ದನ್ನು ಗೋಣಿಗೆ ಒತ್ತಿ ತುಂಬಿಸಿ ಅಟ್ಟಕ್ಕೆ ಏರಿಸುತ್ತೀರಿ. ಮನೆಯೊಳಗೇ ಇರುತ್ತದೆ, ಜಾಗ ಕಡಿಮೆ ಹಿಡಿಯುತ್ತದೆ. ಬೇಕಾದಾಗ ಏಣಿ ಹತ್ತಿ, ಗೋಣಿ ಬಿಚ್ಚಿ ತೆಗೆಯಬೇಕು, ಅಷ್ಟೇ.

ಝಡ್‌ರ‍್ಯಾಮ್ ಈ ಅಟ್ಟ. ರ‍್ಯಾಮಿನ ಒಂದು ಭಾಗವನ್ನೇ ಡಿಸ್ಕಿನ ಹಾಗೆ ತೋರಿಸಿ, ಅಲ್ಲಿಗೆ ಹೋಗುವ ಪ್ರತಿ ಪುಟವನ್ನೂ ಒತ್ತಿ ಇಡುತ್ತದೆ. ಒಂದು ಪುಟ ಅಂದರೆ ಸಾಮಾನ್ಯ ಕಂಪ್ಯೂಟರಿನಲ್ಲಿ 4 ಕೆಬಿ. ಈ ಅಟ್ಟ ಲಿನಕ್ಸಿನ ಹೃದಯವಾದ ಕರ್ನಲ್ಲಿನ ಮುಖ್ಯ ಭಾಗಕ್ಕೆ ಬಂದದ್ದು 2014ರಲ್ಲಿ, 3.14 ಆವೃತ್ತಿಯಲ್ಲಿ. ಇದರ ದಾಯಾದಿ ಝಡ್‌ಸ್ವಾಪ್ ಅದಕ್ಕಿಂತ ಮೊದಲೇ, 2013ರಲ್ಲಿ, 3.11 ಆವೃತ್ತಿಯಲ್ಲಿ ಬಂದಿತ್ತು. ಝಡ್‌ಸ್ವಾಪ್ ಗೋದಾಮಿನ ದಾರಿಯಲ್ಲಿ ಕುಳಿತುಕೊಳ್ಳುವ ಅಟ್ಟ. ತುಂಬಿದರೆ ಹಳೆಯ ಗೋಣಿಯನ್ನು ಆರಿಸಿ ಗೋದಾಮಿಗೆ ಕಳಿಸುತ್ತದೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕು.

ಇನ್ನೊಂದು ಮಾತು. ಗೋಣಿ ಕಟ್ಟುವವ ಬೇರೆ, ಬಿಚ್ಚುವವ ಬೇರೆ. ಕಟ್ಟುವುದು ಹೆಚ್ಚಾಗಿ ಕೆ-ಸ್ವಾಪ್-ಡಿ ಅನ್ನುವ ಕರ್ನಲ್ ಆಳು. ಜಗಲಿ ತುಂಬುತ್ತಾ ಬಂದ ಹಾಗೆ ಅವನು ಹಿಂದಿನಿಂದ ಸುಮ್ನೆ ಕಟ್ಟುತ್ತಾ ಇರುತ್ತಾನೆ. ಬಿಚ್ಚುವುದು ಮಾತ್ರ ಆ ಪುಟ ಬೇಕಾದ ಪ್ರೋಗ್ರಾಮ್ ಸ್ವತಃ. ಅದು ಬಿಚ್ಚುವವರೆಗೆ ನೀವು ಪರದೆ ನೋಡುತ್ತಾ ಕೂತಿರುತ್ತೀರಿ. ಹಾಗಾಗಿ ನಿಮಗೆ ತಟ್ಟುವುದು ಜಾಸ್ತಿ ಬಿಚ್ಚುವ ಸಮಯ. ಆದರೆ ಮೇ ಕೊನೆಯಲ್ಲಿ ಒಮ್ಮೆಗೇ ಮಳೆ ಬಂದರೆ ಏನಾಗುತ್ತದೆ? ಅಂಗಳದಲ್ಲಿ ಹರಡಿದ ಅಡಿಕೆಯನ್ನು ಒಳಗೆ ತರಲು ಆಳು ಒಬ್ಬ ಸಾಲುವುದಿಲ್ಲ. ಅಡುಗೆ ಮಾಡುತ್ತಿದ್ದವರೂ ಓಡಿ ಬರಬೇಕು. ಕರ್ನಲ್ಲಿನಲ್ಲೂ ಹೀಗೆಯೇ. ಕೆ-ಸ್ವಾಪ್-ಡಿ ಕೈಯಲ್ಲಿ ಆಗದಿದ್ದರೆ ಮೆಮೊರಿ ಕೇಳಿದ ಪ್ರೋಗ್ರಾಮೇ ತನ್ನ ಕೆಲಸ ಬಿಟ್ಟು ಗೋಣಿ ಕಟ್ಟಬೇಕು. ಇದಕ್ಕೆ ಡೈರೆಕ್ಟ್ ರಿಕ್ಲೇಮ್ ಅನ್ನುತ್ತಾರೆ. ಆಗ ಕಟ್ಟುವ ಸಮಯವೂ ನಿಮ್ಮ ತಲೆಗೇ.

ಹೆಜ್ಜೆ 1: ಏನೇನು ಇದೆ ಅಂತ ಬರೆದಿಟ್ಟುಕೊಳ್ಳಿ

ಪುಸ್ತಕ ಮತ್ತು ಪೆನ್ ತೆಗೆಯಿರಿ. ನಿಜವಾಗಿಯೂ. ಕಂಪ್ಯೂಟರ್ ಸಿಕ್ಕಿಹಾಕಿಕೊಂಡಾಗ ಅದರಲ್ಲೇ ಬರೆದಿಟ್ಟ ಲೆಕ್ಕ ತೆರೆಯುವುದಿಲ್ಲ.

"ಸ್ವಾಪ್‌ಆನ್ --ಶೋ" ಕೊಡಿ. ಯಾವ ಯಾವ ಸ್ವಾಪ್ ಇದೆ, ಎಷ್ಟು ದೊಡ್ಡದು, ಎಷ್ಟು ತುಂಬಿದೆ, ಯಾವುದಕ್ಕೆ ಎಷ್ಟು ಆದ್ಯತೆ, ಎಲ್ಲ ಬರುತ್ತದೆ. ಆದ್ಯತೆಯ ಅಂಕಿ ದೊಡ್ಡದಿದ್ದದ್ದು ಮೊದಲು ತುಂಬುತ್ತದೆ. ಭಾವನ ಕಂಪ್ಯೂಟರಿನಲ್ಲಿ ಎರಡು ಸಾಲು ಇತ್ತು. 1 ಜಿಬಿಯ ಝಡ್‌ರ‍್ಯಾಮ್, ಆದ್ಯತೆ 100. ಹಾರ್ಡ್ ಡಿಸ್ಕಿನ ಸ್ವಾಪ್ ಫೈಲ್, ಆದ್ಯತೆ ಮೈನಸ್ 2. ಈ ಎರಡು ಸಾಲುಗಳಲ್ಲೇ ಉತ್ತರ ಇತ್ತು. ನನಗೆ ಆಗ ಕಾಣಲಿಲ್ಲ.

ಆಮೇಲೆ "ಝಡ್‌ರ‍್ಯಾಮ್‌ಸಿಟಿಎಲ್". ಯಾವ ವಿಧಾನದಲ್ಲಿ ಒತ್ತುತ್ತಿದೆ ಅಂತ ಇಲ್ಲಿ ಗೊತ್ತಾಗುತ್ತದೆ. ಎಲ್‌ಝಡ್‌ಒ-ಆರ್‌ಎಲ್‌ಇ, ಎಲ್‌ಝಡ್4, ಝಡ್-ಸ್ಟ್ಯಾಂಡರ್ಡ್ (ಪರದೆಯಲ್ಲಿ ಝಡ್‌ಎಸ್‌ಟಿಡಿ) ಇವುಗಳಲ್ಲಿ ಒಂದು ಇರಬಹುದು. ಎಲ್‌ಝಡ್4 ಬೇಗ ಬಿಚ್ಚುತ್ತದೆ, ಸ್ವಲ್ಪ ಸಡಿಲವಾಗಿ ಕಟ್ಟುತ್ತದೆ. ಝಡ್-ಸ್ಟ್ಯಾಂಡರ್ಡ್ ಬಿಗಿಯಾಗಿ ಕಟ್ಟುತ್ತದೆ, ಬಿಚ್ಚಲು ಹೆಚ್ಚು ಹೊತ್ತು ಬೇಕು.

/ಸಿಸ್/ಮಾಡ್ಯೂಲ್/ಝಡ್‌ಸ್ವಾಪ್/ಪ್ಯಾರಾಮೀಟರ್ಸ್/ಎನೇಬಲ್ಡ್ ಫೈಲನ್ನೂ ನೋಡಿ. ವೈ ಅಂತ ಇದ್ದರೆ ಝಡ್‌ಸ್ವಾಪ್ ಕೂಡ ಓಡುತ್ತಿದೆ. ಝಡ್‌ರ‍್ಯಾಮ್ ಇದ್ದೂ ಇದೂ ಓಡುತ್ತಿದ್ದರೆ ಅಟ್ಟದ ಎದುರು ಇನ್ನೊಂದು ಅಟ್ಟ ಆಗುತ್ತದೆ. ಅಳೆಯುವಾಗ ಒಂದನ್ನು ಆರಿಸಿ ಇನ್ನೊಂದನ್ನು ನಿಲ್ಲಿಸಿ. ಇಲ್ಲದಿದ್ದರೆ ಯಾವ ಅಂಕಿ ಯಾರದ್ದು ಅಂತ ಗೊತ್ತಾಗುವುದಿಲ್ಲ.

ಹೆಜ್ಜೆ 2: ಅಂಗಳ ಗುಡಿಸಿ

ಅಳತೆ ಹಾಳಾಗುವುದು ಹೆಚ್ಚಾಗಿ ಈ ಹಂತದಲ್ಲಿ. ನಮ್ಮ ಕಡೆ ಅದಕ್ಕೆ ಎರಡು ಕಾರಣ. ಮಳೆಗಾಲದಲ್ಲಿ ಕರೆಂಟ್, ಬೇಸಿಗೆಯಲ್ಲಿ ಸೆಕೆ.

ಲ್ಯಾಪ್‌ಟಾಪ್ ಪ್ಲಗ್‌ನಲ್ಲಿ ಇದ್ದಾಗ ಒಂದು ವೇಗ, ಬ್ಯಾಟರಿಯಲ್ಲಿ ಇನ್ನೊಂದು ವೇಗ. ಒತ್ತುವುದು, ಬಿಚ್ಚುವುದು ಪೂರ್ತಿ ಪ್ರೊಸೆಸರಿನ ಕೆಲಸವಾದ್ದರಿಂದ ಈ ವ್ಯತ್ಯಾಸ ನೇರವಾಗಿ ಅಂಕಿಯಲ್ಲಿ ಕಾಣುತ್ತದೆ. ಒಂದು ಜುಲೈ ಸಂಜೆ ನಾನು ಝಡ್-ಸ್ಟ್ಯಾಂಡರ್ಡ್ ತುಂಬ ನಿಧಾನ ಅಂತ ಪುಸ್ತಕದಲ್ಲಿ ಬರೆದಿಟ್ಟೆ. ನೋಡಿದರೆ ನಡುವೆ ಕರೆಂಟ್ ಹೋಗಿತ್ತು. ಮೇಜಿನ ಕೆಳಗಿನ ಇನ್ವರ್ಟರ್ ಇಲ್ಲದ ಪ್ಲಗ್‌ಗೆ ಹಾಕಿದ್ದು ನಾನೇ. ಹಾಗಾಗಿ ಅಳೆಯುವ ಮೊದಲು ಪ್ರೊಸೆಸರಿನ ವೇಗ ನಿರ್ಧರಿಸುವ ಸಿಪಿಯು ಗವರ್ನರನ್ನು ಪರ್ಫಾರ್ಮೆನ್ಸ್‌ಗೆ ಇಡಿ. "ಸಿಪಿಯುಪವರ್" ಕಮಾಂಡಿನಲ್ಲಿ ಅದು ಆಗುತ್ತದೆ.

ಸೆಕೆಯದ್ದು ಇನ್ನೂ ಕಳ್ಳ ವ್ಯವಹಾರ. ಪ್ರೊಸೆಸರ್ ಬಿಸಿಯಾದರೆ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಎಪ್ರಿಲ್ ಮಧ್ಯಾಹ್ನ ಮೊದಲು ಎಲ್‌ಝಡ್4 ಐದು ಸಲ, ಆಮೇಲೆ ಝಡ್-ಸ್ಟ್ಯಾಂಡರ್ಡ್ ಐದು ಸಲ ಓಡಿಸಿದರೆ, ಎರಡನೆಯದಕ್ಕೆ ಬಿಸಿಯಾದ ಯಂತ್ರ ಸಿಗುತ್ತದೆ. ಒಂದು ಇದು, ಒಂದು ಅದು ಅಂತ ಸರದಿಯಲ್ಲಿ ಓಡಿಸಿ. ನಡುವೆ ಐದು ನಿಮಿಷ ತಣಿಯಲು ಬಿಡಿ.

ಪ್ರತಿ ಸಲ ಶುರು ಮಾಡುವ ಮೊದಲು ಕಂಪ್ಯೂಟರನ್ನು ಮರುಚಾಲನೆ ಮಾಡುವುದು ಒಳ್ಳೆಯದು. ಅಷ್ಟು ತಾಳ್ಮೆ ಇಲ್ಲದಿದ್ದರೆ ಸ್ವಾಪನ್ನು ಆಫ್ ಮಾಡಿ ಆನ್ ಮಾಡಿ. ಎಚ್ಚರ: ಸ್ವಾಪ್ ಆಫ್ ಮಾಡಿದಾಗ ಅಲ್ಲಿದ್ದದ್ದೆಲ್ಲ ರ‍್ಯಾಮಿಗೆ ವಾಪಸು ಬರಬೇಕು. ಜಾಗ ಇಲ್ಲದಿದ್ದರೆ ಕರ್ನಲ್ ಯಾವುದಾದರೂ ಪ್ರೋಗ್ರಾಮನ್ನು ಕೊಂದುಬಿಡಬಹುದು. ಅರ್ಧ ತುಂಬಿಸಿದ ಅರ್ಜಿ ತೆರೆದಿಟ್ಟುಕೊಂಡು ಇದನ್ನು ಮಾಡಬೇಡಿ.

ಹೆಜ್ಜೆ 3: ಅಳೆಯಲು ಯಾವ ಕೆಲಸ ಕೊಡುವುದು?

ಸೊನ್ನೆ ತುಂಬಿದ ದೊಡ್ಡ ಮೆಮೊರಿ ತೆಗೆದುಕೊಂಡು ಪರೀಕ್ಷೆ ಮಾಡುವವರು ತುಂಬ ಜನ. ಅದು ಖಾಲಿ ಗೋಣಿ ಏರಿಸಿ ನಮ್ಮ ಅಟ್ಟ ಗಟ್ಟಿ ಅಂದ ಹಾಗೆ. ಪುಟವಿಡೀ ಒಂದೇ ಅಂಕಿ ಇದ್ದರೆ ಝಡ್‌ರ‍್ಯಾಮ್ ಅದನ್ನು ಒತ್ತುವುದೇ ಇಲ್ಲ. ಆ ಅಂಕಿಯನ್ನು ಮಾತ್ರ ಗುರುತು ಹಾಕಿಟ್ಟುಕೊಳ್ಳುತ್ತದೆ. ಖರ್ಚು ಹೆಚ್ಚುಕಡಿಮೆ ಸೊನ್ನೆ. ಇದಕ್ಕೆ ವಿರುದ್ಧವಾಗಿ, ಪೂರ್ತಿ ಯದ್ವಾತದ್ವಾ ಅಂಕಿಗಳಿಂದ ತುಂಬಿಸಿದರೆ ಆ ಪುಟ ಒತ್ತಲು ಬರುವುದಿಲ್ಲ. ಒತ್ತಲು ನೋಡಿ, ಸೋತು, ಹಾಗೆಯೇ ಇಡುತ್ತದೆ. ಕಷ್ಟಪಟ್ಟದ್ದು ದಂಡ, ಜಾಗವೂ ಉಳಿಯಲಿಲ್ಲ. ನಿಜವಾದ ಕೆಲಸ ಈ ಎರಡರ ನಡುವೆ ಎಲ್ಲೋ ಇರುತ್ತದೆ.

ನಾನು ಮಾಡಿದ್ದು ಹೀಗೆ. ಪೈಥಾನ್‌ನಲ್ಲಿ ಇಪ್ಪತ್ತೈದು ಸಾಲಿನ ಒಂದು ಪ್ರೋಗ್ರಾಮ್. ಅದು ಭಾವನ ಅಂಗಡಿಯ ಹಳೆಯ ಪತ್ರಗಳು, ಕೆಲವು ವೆಬ್ ಪುಟಗಳು, ಒಂದೆರಡು ಸ್ಕ್ಯಾನ್ ಚಿತ್ರ, ಇವನ್ನೆಲ್ಲ ಓದಿ 3 ಜಿಬಿ ತುಂಬುವವರೆಗೆ ಮೆಮೊರಿಗೆ ಮತ್ತೆ ಮತ್ತೆ ನಕಲು ಹಾಕುತ್ತದೆ. ಒಂದೇ ಫೈಲನ್ನು ನೂರು ಸಲ ಹಾಕಿದರೆ ಮೋಸ ಆಗುವುದಿಲ್ಲವಾ ಅಂತ ಕೇಳಬಹುದು. ಇಲ್ಲ. ಝಡ್‌ರ‍್ಯಾಮ್ ಪ್ರತಿ ಪುಟವನ್ನೂ ಬೇರೆ ಬೇರೆಯಾಗಿ ಒತ್ತುತ್ತದೆ. ಪಕ್ಕದ ಪುಟದಲ್ಲಿ ಅದೇ ಇದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ತುಂಬಿಸಿದ ಮೇಲೆ ಪ್ರೋಗ್ರಾಮ್ ಆ 3 ಜಿಬಿಯಲ್ಲಿ ಎಲ್ಲೆಂದರಲ್ಲಿ ಒಂದು ಪುಟ ಆರಿಸಿ, ಅದರ ಒಂದು ಬೈಟ್ ಓದುತ್ತದೆ. ಓದಲು ಎಷ್ಟು ನ್ಯಾನೋಸೆಕೆಂಡ್ ಆಯಿತು ಅಂತ ಬರೆದುಕೊಳ್ಳುತ್ತದೆ. ಹೀಗೆ ಒಂದು ಲಕ್ಷ ಸಲ. ಕೊನೆಗೆ ಎಲ್ಲವನ್ನೂ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಎರಡು ಅಂಕಿ ಹೇಳುತ್ತದೆ: ನಡುವಿನದ್ದು, ಮತ್ತು 100ರಲ್ಲಿ 99ನೆಯದ್ದು.

ಸರಾಸರಿ ಯಾಕೆ ಬೇಡ? ಒಂದು ಲೆಕ್ಕ ನೋಡಿ. 99 ಓದುಗಳಿಗೆ ತಲಾ 5 ಮೈಕ್ರೋಸೆಕೆಂಡ್, ಒಂದಕ್ಕೆ 10 ಮಿಲಿಸೆಕೆಂಡ್ ಆಯಿತು ಅಂತ ಇಟ್ಟುಕೊಳ್ಳಿ. ಸರಾಸರಿ ತೆಗೆದರೆ ಸುಮಾರು 105 ಮೈಕ್ರೋಸೆಕೆಂಡ್. ಆ 105 ಆದ ಓದು ಒಂದೂ ಇಲ್ಲ. ಇಲ್ಲದ ಓದಿನ ಲೆಕ್ಕ ಹಿಡಿದುಕೊಂಡು ರೋಗ ಹುಡುಕಿದರೆ ಸಿಗುತ್ತದಾ?

ಮೆಮೊರಿ ಕೊರತೆಯನ್ನು ಬೇಕೆಂದೇ ತರಬೇಕಾದರೆ ಎರಡು ದಾರಿ. ಒಂದು, ಸಿಸ್ಟಮ್‌ಡಿ-ರನ್ ಮೂಲಕ ಆ ಪ್ರೋಗ್ರಾಮಿಗೆ ಮಾತ್ರ ಮೆಮೊರಿಯ ಮಿತಿ ಹಾಕುವುದು. ಇದು ಸುಲಭ, ಉಳಿದ ಕೆಲಸಕ್ಕೆ ತೊಂದರೆ ಇಲ್ಲ. ಆದರೆ ಇದರಲ್ಲಿ ಒಂದು ಕೊಕ್ಕೆ ಇದೆ. ಮಿತಿ ತಾಗಿದಾಗ ಗೋಣಿ ಕಟ್ಟುವುದು ಕೆ-ಸ್ವಾಪ್-ಡಿ ಅಲ್ಲ, ಆ ಪ್ರೋಗ್ರಾಮೇ. ಮಳೆ ಬಂದ ದಿನದ ಲೆಕ್ಕವೇ ಪ್ರತಿದಿನದ ಲೆಕ್ಕ ಆಗಿಬಿಡುತ್ತದೆ. ಒತ್ತುವ ಖರ್ಚು ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ.

ಇನ್ನೊಂದು ದಾರಿ, ಬೂಟ್ ಆಗುವಾಗಲೇ ಕರ್ನಲ್ಲಿಗೆ "ಮೆಮ್=2ಜಿ" ಅಂತ ಹೇಳಿ ರ‍್ಯಾಮನ್ನೇ ಸಣ್ಣದು ಮಾಡುವುದು. ರಗಳೆ ಹೆಚ್ಚು, ಆದರೆ ನಿಜಕ್ಕೆ ಹತ್ತಿರ. ನನ್ನ ವೋಟು ಇದಕ್ಕೇ.

ಹೆಜ್ಜೆ 4: ಕಾದ ಹೊತ್ತನ್ನು ಅಳೆಯಿರಿ

ನಮ್ಮ ಮನೆಗೆ ಸುರಂಗದ ನೀರು. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗ, ಕಾಸರಗೋಡಿನ ಈ ಭಾಗದಲ್ಲಿ ಇದು ಮಾಮೂಲು. ಮಾರ್ಚ್ ಬಂದರೆ ಅಪ್ಪ ಒಂದು ಕೊಡಪಾನ ಇಟ್ಟು, ಅದು ತುಂಬಲು ಎಷ್ಟು ಹೊತ್ತು ಬೇಕು ಅಂತ ಗಡಿಯಾರ ನೋಡುತ್ತಿದ್ದರು. ಸುರಂಗ ಎಷ್ಟು ಉದ್ದ, ಒಳಗೆ ಎಷ್ಟು ನೀರಿದೆ ಅಂತ ಯಾರೂ ಕೇಳುತ್ತಿರಲಿಲ್ಲ. ಎಷ್ಟು ಹೊತ್ತು ಕಾಯಬೇಕು ಅನ್ನುವುದೇ ಮುಖ್ಯ.

ಕರ್ನಲ್ಲಿನಲ್ಲಿ ಆ ಗಡಿಯಾರದ ಹೆಸರು ಪ್ರೆಶರ್ ಸ್ಟಾಲ್ ಇನ್ಫರ್ಮೇಶನ್, ಚಿಕ್ಕದಾಗಿ ಪಿಎಸ್‌ಐ. 2018ರ ಕೊನೆಯಲ್ಲಿ ಬಂದ 4.20 ಕರ್ನಲ್ಲಿನಿಂದ ಇದು ಇದೆ. /ಪ್ರಾಕ್/ಪ್ರೆಶರ್/ಮೆಮೊರಿ ಫೈಲನ್ನು ಕ್ಯಾಟ್ ಕಮಾಂಡಿನಲ್ಲಿ ತೆರೆದರೆ ಎರಡು ಸಾಲು ಬರುತ್ತದೆ. ಫೈಲೇ ಇಲ್ಲದಿದ್ದರೆ ಬೂಟ್ ಸಾಲಿಗೆ "ಪಿಎಸ್‌ಐ=1" ಸೇರಿಸಿ ನೋಡಿ. ಕೆಲವು ಕಡೆ ಅದನ್ನು ಆಫ್ ಮಾಡಿ ಕೊಟ್ಟಿರುತ್ತಾರೆ.

"ಸಮ್" ಅನ್ನುವ ಸಾಲು: ಒಬ್ಬನಾದರೂ ಮೆಮೊರಿಗಾಗಿ ಕಾಯುತ್ತಿದ್ದ ಸಮಯ. "ಫುಲ್" ಅನ್ನುವ ಸಾಲು: ಕೆಲಸ ಇದ್ದವರೆಲ್ಲರೂ ಒಟ್ಟಿಗೆ ಕಾಯುತ್ತಿದ್ದ ಸಮಯ, ಅಂದರೆ ಯಾರ ಕೆಲಸವೂ ಮುಂದೆ ಹೋಗಲಿಲ್ಲ. ಪ್ರತಿ ಸಾಲಿನಲ್ಲಿ ಕಳೆದ 10, 60, 300 ಸೆಕೆಂಡುಗಳ ಶೇಕಡಾ ಲೆಕ್ಕ ಇರುತ್ತದೆ. ಕೊನೆಯಲ್ಲಿ "ಟೋಟಲ್", ಬೂಟ್ ಆದಂದಿನಿಂದ ಕಾದ ಒಟ್ಟು ಸಮಯ, ಮೈಕ್ರೋಸೆಕೆಂಡುಗಳಲ್ಲಿ.

ನಾನು ನಂಬುವುದು ಟೋಟಲನ್ನು. ಶೇಕಡಾ ಅಂಕಿಗಳು ಏರಿಳಿಯುತ್ತಾ ಇರುತ್ತವೆ, ನೀವು ನೋಡುವ ಹೊತ್ತಿಗೆ ಕಳೆದುಹೋಗಿರುತ್ತವೆ. ಪರೀಕ್ಷೆಗೆ ಮೊದಲು ಒಮ್ಮೆ ಟೋಟಲ್ ಬರೆದಿಡಿ, ಮುಗಿದ ಮೇಲೆ ಇನ್ನೊಮ್ಮೆ. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. 60 ಸೆಕೆಂಡಿನ ಪರೀಕ್ಷೆಯಲ್ಲಿ 30,00,000 ಹೆಚ್ಚಾಗಿದ್ದರೆ 3 ಸೆಕೆಂಡ್ ಕಾದದ್ದು, ಶೇಕಡಾ 5. ಇಷ್ಟೇ ಲೆಕ್ಕ.

ಪಕ್ಕದಲ್ಲೇ /ಪ್ರಾಕ್/ಪ್ರೆಶರ್/ಐಒ ಫೈಲೂ ಇದೆ, ಡಿಸ್ಕಿನಂಥವುಗಳಿಗಾಗಿ ಕಾದ ಹೊತ್ತಿನ ಲೆಕ್ಕ. ಅದನ್ನೂ ಹೀಗೆಯೇ ಬರೆದಿಡಿ. ಮೆಮೊರಿಯ ಕಾಯುವಿಕೆ ಏರಿ, ಐಒ ಸುಮ್ಮನೆ ಇದ್ದರೆ ಅಟ್ಟದ ಕೆಲಸ. ಎರಡೂ ಜೊತೆಗೆ ಏರಿದರೆ ಯಾರೋ ಗೋದಾಮಿಗೆ ಹೋಗುತ್ತಿದ್ದಾರೆ.

ಭಾವನ ಅಂಗಡಿಯಲ್ಲಿ ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ, ತಲಾ ಹತ್ತು ನಿಮಿಷದ ಲೆಕ್ಕ ತೆಗೆದೆವು. ಬೆಳಿಗ್ಗೆ ಎರಡೂ ಹೆಚ್ಚುಕಡಿಮೆ ಮಿಸುಕಾಡಲಿಲ್ಲ. ಮೂರಕ್ಕೆ ಎರಡೂ ಒಟ್ಟಿಗೆ ಹಾರಿದವು. ನನ್ನ ಗುಮಾನಿ ಶುರುವಾದದ್ದು ಅಲ್ಲಿ.

ಹೆಜ್ಜೆ 5: ಸಮಯ ಯಾರು ತಿಂದದ್ದು?

"ವಿಎಂಸ್ಟಾಟ್ 1" ಅಂತ ಕೊಟ್ಟು ಬಿಡಿ. ಪ್ರತಿ ಸೆಕೆಂಡಿಗೆ ಒಂದು ಸಾಲು ಬರುತ್ತದೆ. ಎಸ್‌ಐ ಮತ್ತು ಎಸ್‌ಒ ಕಂಬಗಳನ್ನು ನೋಡಿ ಎಲ್ಲರೂ ಹೆದರುತ್ತಾರೆ. ಸ್ವಾಪ್‌ನಿಂದ ಬಂದದ್ದು, ಸ್ವಾಪ್‌ಗೆ ಹೋದದ್ದು. ಹೆದರಬೇಡಿ. ಝಡ್‌ರ‍್ಯಾಮಿಗೆ ಹೋದದ್ದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಅಟ್ಟ ಹತ್ತಿ ಇಳಿಯುವುದು ಜಾಸ್ತಿ ಆಗಿದೆ ಅನ್ನುವುದಕ್ಕೂ ಮನೆಗೆ ತೊಂದರೆ ಆಗಿದೆ ಅನ್ನುವುದಕ್ಕೂ ವ್ಯತ್ಯಾಸ ಇದೆ.

ನೋಡಬೇಕಾದದ್ದು ಬಲಗಡೆಯ ಎಸ್‌ವೈ ಮತ್ತು ಡಬ್ಲ್ಯುಎ. ಎಸ್‌ವೈ ಅಂದರೆ ಪ್ರೊಸೆಸರ್ ಕರ್ನಲ್ಲಿನ ಒಳಗೆ ದುಡಿದ ಸಮಯ. ಡಬ್ಲ್ಯುಎ ಅಂದರೆ ಡಿಸ್ಕಿನಿಂದ ಬರಲಿ ಅಂತ ಸುಮ್ನೆ ಕೂತ ಸಮಯ. ಝಡ್‌ರ‍್ಯಾಮಿನಲ್ಲಿ ಕೂರುವ ಪ್ರಶ್ನೆಯೇ ಇಲ್ಲ. ಪ್ರೊಸೆಸರೇ ಗೋಣಿ ಬಿಚ್ಚಬೇಕು. ಹಾಗಾಗಿ ಒತ್ತಿಟ್ಟ ಮೆಮೊರಿಯಿಂದ ನಿಧಾನ ಆದರೆ ಎಸ್‌ವೈ ಏರುತ್ತದೆ, ಡಬ್ಲ್ಯುಎ ಏರುವುದಿಲ್ಲ. ಡಬ್ಲ್ಯುಎ ಏರಿದರೆ ಡಿಸ್ಕನ್ನು ಹಿಡಿಯಿರಿ. ಡಬ್ಲ್ಯುಎ ಮಾತ್ರ ನೋಡಿ ಝಡ್‌ರ‍್ಯಾಮಿಗೆ ಏನೂ ಖರ್ಚಿಲ್ಲ ಅಂತ ಬರೆಯುವವರಿದ್ದಾರೆ. ಅದು ತಪ್ಪು. ಖರ್ಚು ಬೇರೆ ಕಂಬದಲ್ಲಿ ಕೂತಿದೆ ಅಷ್ಟೇ.

ಎಸ್‌ವೈ ಏರಿದ್ದರೆ ಮುಂದಿನ ಪ್ರಶ್ನೆ: ಕಟ್ಟಲು ಹೋಯಿತಾ, ಬಿಚ್ಚಲು ಹೋಯಿತಾ? ಟಾಪ್ ಕಮಾಂಡಿನ ಪಟ್ಟಿಯಲ್ಲಿ ಕೆ-ಸ್ವಾಪ್-ಡಿ ಮೇಲೆ ಬಂದು ಕೂತಿದ್ದರೆ ಕಟ್ಟಲು. ಇನ್ನೂ ಸರಿಯಾಗಿ ತಿಳಿಯಬೇಕಾದರೆ, ಯಾವ ಫಂಕ್ಷನ್‌ಗೆ ಎಷ್ಟು ಸಮಯ ಹೋಯಿತು ಅಂತ ತೋರಿಸುವ ಪರ್ಫ್ ಬಳಸಿ. ಎಲ್ಲ ಪ್ರೊಸೆಸರುಗಳನ್ನೂ ಮೂವತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಆಮೇಲೆ ರಿಪೋರ್ಟ್ ತೆರೆಯಿರಿ. ಕಂಪ್ರೆಸ್ ಅಂತ ಹೆಸರಿನಲ್ಲಿರುವ ಫಂಕ್ಷನ್‌ಗಳು ಎಷ್ಟು ಶೇಕಡಾ, ಡಿಕಂಪ್ರೆಸ್ ಅಂತ ಇರುವವು ಎಷ್ಟು ಶೇಕಡಾ ನೋಡಿ. ಎರಡನ್ನೂ ಕೂಡಿಸಿದರೂ ಸಣ್ಣದೇ ಆದರೆ ಎಲ್‌ಝಡ್4 ಒಳ್ಳೆಯದಾ ಝಡ್-ಸ್ಟ್ಯಾಂಡರ್ಡ್ ಒಳ್ಳೆಯದಾ ಅನ್ನುವ ಚರ್ಚೆ ನಿಮಗೆ ಬೇಡ.

/ಪ್ರಾಕ್/ವಿಎಂಸ್ಟಾಟ್ ಫೈಲಿನಲ್ಲಿ ಇನ್ನೆರಡು ಜಾತಿಯ ಅಂಕಿಗಳಿವೆ, ಅವನ್ನೂ ಮೊದಲು ಮತ್ತು ಆಮೇಲೆ ಬರೆದಿಡಿ. ಅಲಾಕ್‌ಸ್ಟಾಲ್ ಅಂತ ಶುರುವಾಗುವವು ಡೈರೆಕ್ಟ್ ರಿಕ್ಲೇಮ್ ಎಷ್ಟು ಸಲ ಆಯಿತು ಅಂತ ಹೇಳುತ್ತವೆ. ವರ್ಕಿಂಗ್‌ಸೆಟ್ ರಿಫಾಲ್ಟ್ ಅನ್ನುವವು, ಹೊರಗೆ ಹಾಕಿದ್ದನ್ನು ಮತ್ತೆ ತರಬೇಕಾಗಿ ಬಂದ ಲೆಕ್ಕ. ಇದರಲ್ಲಿ ಅನಾನ್ ಬೇರೆ, ಫೈಲ್ ಬೇರೆ. 5.9 ಕರ್ನಲ್ಲಿನಿಂದ ಹೀಗೆ ಬೇರೆ ಮಾಡಿದ್ದಾರೆ. ಝಡ್‌ರ‍್ಯಾಮಿಗೆ ಹೋಗುವುದು ಅನಾನ್ ಜಾತಿ ಮಾತ್ರ, ಅಂದರೆ ಪ್ರೋಗ್ರಾಮ್ ತನಗಾಗಿ ಮಾಡಿಕೊಂಡ ಮೆಮೊರಿ. ಡಿಸ್ಕಿನ ಫೈಲಿನಿಂದ ಓದಿಟ್ಟದ್ದನ್ನು ಕರ್ನಲ್ ಸುಮ್ನೆ ಬಿಸಾಡುತ್ತದೆ, ಬೇಕಾದರೆ ಡಿಸ್ಕಿನಿಂದಲೇ ಮತ್ತೆ ಓದುತ್ತದೆ. ಫೈಲ್ ರಿಫಾಲ್ಟ್ ಜಾಸ್ತಿ ಇದ್ದರೆ ನಿಮ್ಮ ತೊಂದರೆ ಸ್ವಾಪ್‌ನದ್ದೇ ಅಲ್ಲ. ಆಗ ಸ್ವಾಪಿನೆಸ್ ಅಂಕಿಯನ್ನು ಮಾಮೂಲಿ 60ರಿಂದ ಮೇಲೇರಿಸಿ ನೋಡಬಹುದು. 5.8ರಿಂದ ಇದು 200ರವರೆಗೆ ಹೋಗುತ್ತದೆ. ಅಟ್ಟ ಹತ್ತುವುದು ಪೇಟೆಗೆ ಹೋಗುವುದಕ್ಕಿಂತ ಸುಲಭ ಅಂತ ಕರ್ನಲ್ಲಿಗೆ ಹೇಳುವ ದಾರಿ ಅದು.

ಇನ್ನು ಅಟ್ಟದ ಒಳಗಿನ ಲೆಕ್ಕ. /ಸಿಸ್/ಬ್ಲಾಕ್/ಝಡ್‌ರ‍್ಯಾಮ್0/ಎಂಎಂ_ಸ್ಟಾಟ್ ಫೈಲಿನಲ್ಲಿ ಒಂದೇ ಸಾಲು, ಹೆಸರಿಲ್ಲದ ಅಂಕಿಗಳು. ಮೊದಲನೆಯದು ಒತ್ತುವ ಮೊದಲಿನ ಗಾತ್ರ. ಎರಡನೆಯದು ಒತ್ತಿದ ಮೇಲಿನ ಗಾತ್ರ. ಮೂರನೆಯದು ನಿಜವಾಗಿ ರ‍್ಯಾಮಿನಲ್ಲಿ ಹಿಡಿದ ಜಾಗ. ಮೊದಲನೆಯದನ್ನು ಮೂರನೆಯದರಿಂದ ಭಾಗಿಸಿ, ಎರಡನೆಯದರಿಂದ ಅಲ್ಲ. ಗೋಣಿಗಳ ನಡುವೆ ಉಳಿದ ಸಂದಿಯೂ ನಿಮ್ಮ ಜಾಗವೇ ತಾನೇ? 1 ಜಿಬಿ ಇದ್ದದ್ದು 350 ಎಂಬಿಯಲ್ಲಿ ಕೂತಿದ್ದರೆ ಸುಮಾರು ಮೂರಕ್ಕೆ ಒಂದು. ಕರ್ನಲ್ಲಿನ ಕೈಪಿಡಿ ಎರಡಕ್ಕೆ ಒಂದು ಅಂತ ಇಟ್ಟುಕೊಳ್ಳಲು ಹೇಳುತ್ತದೆ. ಆರನೆಯ ಅಂಕಿ ಒಂದೇ ಅಂಕಿ ತುಂಬಿದ ಪುಟಗಳು. ಎಂಟನೆಯದು ಒತ್ತಲು ಬಾರದ ಪುಟಗಳು. ಈ ಎಂಟನೆಯದು ಬೆಳೆಯುತ್ತಾ ಹೋದರೆ ಅಟ್ಟಕ್ಕೆ ಕಲ್ಲು ಏರಿಸುತ್ತಿದ್ದೀರಿ ಅಂತ ಅರ್ಥ.

ಆದರೆ ಎಷ್ಟಕ್ಕೆ ಎಷ್ಟು ಒತ್ತಿತು ಅನ್ನುವುದನ್ನೇ ವೇಗದ ಅಳತೆ ಅಂತ ಹಿಡಿಯಬೇಡಿ. ಅಂತರ್ಜಾಲದಲ್ಲಿ ಈ ಒಂದು ಅಂಕಿಯನ್ನೇ ಹೊತ್ತು ತಿರುಗುವವರು ತುಂಬ ಜನ. ಅದು ಜಾಗದ ಲೆಕ್ಕ. ಹೊತ್ತಿನ ಲೆಕ್ಕ ಹೆಜ್ಜೆ 4ರಲ್ಲಿ ಇದೆ.

ಹೆಜ್ಜೆ 6: ಎರಡು ಗುಡ್ಡ

ಇದು ನನಗೆ ಎಲ್ಲಕ್ಕಿಂತ ಇಷ್ಟದ ಹೆಜ್ಜೆ. ಉಬುಂಟುವಿನಲ್ಲಿ ಬಿಪಿಎಫ್‌ಸಿಸಿ-ಟೂಲ್ಸ್ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಿ. ಅದರಲ್ಲಿ ಫಂಕ್‌ಲೇಟೆನ್ಸಿ ಅನ್ನುವ ಸಾಧನ ಇದೆ. ಕರ್ನಲ್ಲಿನ ಯಾವುದಾದರೂ ಫಂಕ್ಷನ್‌ನ ಹೆಸರು ಹೇಳಿದರೆ, ಅದು ಪ್ರತಿ ಸಲ ಎಷ್ಟು ಹೊತ್ತು ಹಿಡಿಯಿತು ಅಂತ ಅಳೆದು ಕಂಬಗಳ ಚಿತ್ರ ಹಾಕಿ ಕೊಡುತ್ತದೆ. ನಾವು ಹೇಳಬೇಕಾದ ಹೆಸರು "ಡು_ಸ್ವಾಪ್_ಪೇಜ್". ಸ್ವಾಪ್‌ಗೆ ಹೋದ ಪುಟವನ್ನು ವಾಪಸು ತರುವ ಫಂಕ್ಷನ್ ಇದೇ. ಅಳತೆ ಮೈಕ್ರೋಸೆಕೆಂಡಿನಲ್ಲಿ ಬರಲಿ ಅಂತ ಹೈಫನ್ ಯು ಸೇರಿಸಿ.

ಒಂದು ನಿಮಿಷ ಬಿಟ್ಟು ಕಂಟ್ರೋಲ್-ಸಿ ಒತ್ತಿ. ಝಡ್‌ರ‍್ಯಾಮ್ ಮಾತ್ರ ಇದ್ದರೆ ಒಂದೇ ಗುಡ್ಡ ಕಾಣಬೇಕು, ಕೆಲವು ಮೈಕ್ರೋಸೆಕೆಂಡಿನ ಆಸುಪಾಸಿನಲ್ಲಿ. 4 ಕೆಬಿ ಬಿಚ್ಚಲು ಅಷ್ಟೇ ಸಾಕು. ತಿರುಗುವ ಡಿಸ್ಕ್ ಸೇರಿಕೊಂಡರೆ ದೂರದಲ್ಲಿ ಇನ್ನೊಂದು ಗುಡ್ಡ ಏಳುತ್ತದೆ, ಸಾವಿರಗಳಲ್ಲಿ. ನಿಮಿಷಕ್ಕೆ 5400 ಸುತ್ತುವ ಡಿಸ್ಕಿಗೆ ಒಂದು ಸುತ್ತಿಗೇ 11 ಮಿಲಿಸೆಕೆಂಡ್ ಬೇಕು. ಅದರ ತಲೆ ಸರಿಯಾದ ಜಾಗಕ್ಕೆ ಹೋಗುವ ಹೊತ್ತು ಬೇರೆ. ಐದು ಮೈಕ್ರೋಸೆಕೆಂಡಿಗೂ ಹತ್ತು ಮಿಲಿಸೆಕೆಂಡಿಗೂ ಎರಡು ಸಾವಿರ ಪಟ್ಟು ವ್ಯತ್ಯಾಸ.

ಭಾವನ ಕಂಪ್ಯೂಟರಿನಲ್ಲಿ ಬೆಳಿಗ್ಗೆ ಒಂದು ಗುಡ್ಡ. ಮಧ್ಯಾಹ್ನ ಎರಡು.

ಆಗ ಹೆಜ್ಜೆ 1ರಲ್ಲಿ ಬರೆದಿಟ್ಟ ಎರಡು ಸಾಲು ತೆಗೆದು ನೋಡಿದೆ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಭಾವ ಎಲ್ಲವನ್ನೂ ತೆರೆದಿಡುತ್ತಾನೆ. ಪ್ರಿಂಟರಿನ ಪ್ರೋಗ್ರಾಮ್, ಹತ್ತು ಹದಿನೈದು ಟ್ಯಾಬ್, ನಿನ್ನೆಯ ಪತ್ರಗಳು. ಅದರಲ್ಲಿ ಅರ್ಧವನ್ನು ಸಂಜೆವರೆಗೆ ಮುಟ್ಟುವುದಿಲ್ಲ. ಮುಟ್ಟದ್ದೆಲ್ಲ ಮೊದಲು ಅಟ್ಟ ಸೇರಿತು. 1 ಜಿಬಿಯ ಅಟ್ಟ ಹನ್ನೆರಡು ಗಂಟೆಗೆ ತುಂಬಿತು. ಆಮೇಲೆ ಜಗಲಿಯಿಂದ ತೆಗೆಯಬೇಕಾದದ್ದೆಲ್ಲ ನೇರ ಗೋದಾಮಿಗೆ. ಗಿರಾಕಿ ಎದುರು ನಿಂತು ಕೇಳುವ ಟ್ಯಾಬ್‌ಗಳು ಪೇಟೆಯಲ್ಲಿ, ಯಾರಿಗೂ ಬೇಡದ್ದು ಮನೆಯ ಅಟ್ಟದಲ್ಲಿ! ಝಡ್‌ರ‍್ಯಾಮ್ ತನ್ನಲ್ಲಿದ್ದ ಹಳೆಯದನ್ನು ತಾನಾಗಿ ಡಿಸ್ಕಿಗೆ ದಾಟಿಸುವುದಿಲ್ಲ. ಝಡ್‌ಸ್ವಾಪ್ ದಾಟಿಸುತ್ತದೆ. ಆರಂಭದಲ್ಲಿ ನೆನಪಿಡಿ ಅಂದದ್ದು ಇದನ್ನೇ.

ಒತ್ತುವುದರಿಂದ ನಿಧಾನ ಆದದ್ದಲ್ಲ. ಒತ್ತಿಡುವ ಜಾಗ ಸಾಲದೆ ಆದದ್ದು. ಆ 1 ಜಿಬಿ ಸಾಕು ಅಂತ ಹಾಕಿದ್ದು ನಾನೇ, ಭಾವನಿಗೆ ಇನ್ನೂ ಅಷ್ಟು ಬಿಡಿಸಿ ಹೇಳಿಲ್ಲ.

ಫಂಕ್‌ಲೇಟೆನ್ಸಿ ಓಡುವಾಗ ಅದೂ ಸ್ವಲ್ಪ ಸಮಯ ತಿನ್ನುತ್ತದೆ. ಹೆಜ್ಜೆ 3ರ ಪೈಥಾನ್ ಲೆಕ್ಕ ತೆಗೆಯುವಾಗ ಇದನ್ನು ನಿಲ್ಲಿಸಿರಿ.

ಹೆಜ್ಜೆ 7: ಒಂದು ಬದಲಿಸಿ, ಮತ್ತೆ ಅಳೆಯಿರಿ

ಒಂದು ಸಲಕ್ಕೆ ಒಂದೇ ಬದಲಾವಣೆ. ಗಾತ್ರವನ್ನೂ ವಿಧಾನವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣ ಆಯಿತು ಅಂತ ಯಾರಿಗೆ ಗೊತ್ತು?

ಝಡ್‌ರ‍್ಯಾಮಿನಲ್ಲಿ ಏನು ಬದಲಿಸಬೇಕಾದರೂ ಕ್ರಮ ಹೀಗಿದೆ. ಮೊದಲು ಆ ಸ್ವಾಪ್ ಆಫ್ ಮಾಡಿ. ಆಮೇಲೆ ಅದರ ರೀಸೆಟ್ ಫೈಲಿಗೆ 1 ಬರೆಯಿರಿ. ನಂತರ ವಿಧಾನ, ಅದಾದ ಮೇಲೆ ಗಾತ್ರ, ಕೊನೆಗೆ ಎಂಕೆಸ್ವಾಪ್ ಮತ್ತು ಸ್ವಾಪ್‌ಆನ್. ಗಾತ್ರ ಹಾಕಿದ ಮೇಲೆ ವಿಧಾನ ಬದಲಿಸಲು ಬಿಡುವುದಿಲ್ಲ. ನಾನು ಇದಕ್ಕೆ ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದೇನೆ.

ಗಾತ್ರ ಅಂದರೆ ಒತ್ತುವ ಮೊದಲಿನ ಗಾತ್ರ, ಹಿಡಿಯುವ ಜಾಗ ಅಲ್ಲ. 4 ಜಿಬಿ ಅಂತ ಹೇಳಿದ ಕೂಡಲೇ 4 ಜಿಬಿ ಹೋಗುವುದಿಲ್ಲ. ಖಾಲಿ ಇದ್ದಾಗ ಆ ಗಾತ್ರದ ಸಾವಿರದಲ್ಲಿ ಒಂದು ಪಾಲು ಮಾತ್ರ ಹಿಡಿಯುತ್ತದೆ. ರ‍್ಯಾಮಿನ ಎರಡು ಪಟ್ಟಿಗಿಂತ ಜಾಸ್ತಿ ಕೊಟ್ಟು ಪ್ರಯೋಜನ ಇಲ್ಲ ಅಂತ ಕೈಪಿಡಿಯೇ ಹೇಳುತ್ತದೆ. ಭಾವನದ್ದಕ್ಕೆ 1ರಿಂದ 4 ಜಿಬಿ ಮಾಡಿದೆ. ವಿಧಾನ ಮುಟ್ಟಲಿಲ್ಲ. ಮರುದಿನ ಮೂರು ಗಂಟೆಗೆ ಗುಡ್ಡ ಒಂದೇ ಇತ್ತು. ಐಒ ಕಾಯುವಿಕೆ ಬೆಳಗ್ಗಿನ ಹಾಗೆಯೇ ತಣ್ಣಗೆ. ಎಸ್‌ವೈ ಸ್ವಲ್ಪ ಏರಿತ್ತು, ಅದು ಏರಲೇಬೇಕು.

ನಿಮ್ಮ ಲೆಕ್ಕದಲ್ಲಿ ಎಸ್‌ವೈಯೇ ದೊಡ್ಡದು, ಪರ್ಫ್‌ನಲ್ಲಿ ಡಿಕಂಪ್ರೆಸ್ ಮೇಲಿದೆ ಅಂತಾದರೆ ಮಾತ್ರ ಝಡ್-ಸ್ಟ್ಯಾಂಡರ್ಡ್‌ನಿಂದ ಎಲ್‌ಝಡ್4ಗೆ ಹೋಗಿ ನೋಡಿ. ಅದನ್ನು ಅಳೆದಾದ ಮೇಲೆ, ಬೇರೆಯಾಗಿ, ವಿಎಂ.ಪೇಜ್-ಕ್ಲಸ್ಟರ್ ಅಂಕಿಯನ್ನೂ ಮಾಮೂಲಿ 3ರಿಂದ 0ಗೆ ಇಳಿಸಿ ಒಂದು ಸಲ ಅಳೆಯಿರಿ. 3 ಅಂದರೆ ಒಂದು ಪುಟ ಕೇಳಿದರೆ ಅದೂ ಸೇರಿ ಎಂಟರವರೆಗೆ ತರುವುದು. ಪೇಟೆಗೆ ಹೋದವ ಎಂಟು ಸಾಮಾನು ತರುವುದು ಸರಿ. ಅಟ್ಟದಿಂದ ಬೇಡದ ಏಳು ಗೋಣಿ ಇಳಿಸಿ ಬಿಚ್ಚುವುದು ಯಾಕೆ?

ಎಲ್ಲ ಮುಗಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಪರೀಕ್ಷೆಗೆ ಅಂತ ಬೂಟ್ ಸಾಲಿನಲ್ಲಿ "ಮೆಮ್=2ಜಿ" ಹಾಕಿದ್ದಿರಲ್ಲ, ಅದನ್ನು ತೆಗೆಯಿರಿ. ನಾನು ನನ್ನ ಸ್ವಂತ ಕಂಪ್ಯೂಟರಿನಲ್ಲಿ ಮರೆತು, ಎರಡು ದಿನ ಬ್ರೌಸರಿಗೆ ಬೈದೆ. "ಫ್ರೀ -ಎಚ್" ಕೊಟ್ಟು, ನೀವು ದುಡ್ಡು ಕೊಟ್ಟು ತಂದ ರ‍್ಯಾಮ್ ಪೂರ್ತಿ ಕಾಣುತ್ತದಾ ಅಂತ ನೋಡಿಯೇ ಪುಸ್ತಕ ಮುಚ್ಚಿ.